ನೆಟ್‌ವರ್ಕಿಂಗ್ ಪರೀಕ್ಷೆಯ ಅಭ್ಯಾಸಕ್ಕೆ ಎಂಥ ಸಾಫ್ಟ್‌ವೇರ್ ಬೇಕು?



ಡಿಪ್ಲೊಮಾ, ಐಟಿಐ, ಬಿಸಿಎ ಮುಗಿಸಿದ ಮಕ್ಕಳು ಈಗೀಗ ಮನೆಯಲ್ಲಿ ಒಂದು ಹೊಸ ಹೆಸರು ಹೇಳುತ್ತಾರೆ. ಅದೇ ಸಿಸಿಎನ್‌ಎ. "ಅದನ್ನು ಪಾಸು ಮಾಡಿದರೆ ಬೆಂಗಳೂರಲ್ಲಿ ನೆಟ್‌ವರ್ಕ್ ಕೆಲಸ ಸಿಗುತ್ತಂತೆ. ಫೀಸು ಕಟ್ಟಿ, ಅಭ್ಯಾಸಕ್ಕೆ ಒಂದು ಸಾಫ್ಟ್‌ವೇರ್ ಕೊಡಿಸಿ" ಅಂತ ಕೇಳುತ್ತಾರೆ. ಹೆತ್ತವರಿಗೆ ಇದು ಏನು, ಎತ್ತ ಅಂತ ಗೊತ್ತಾಗುವುದಿಲ್ಲ. ಹಾಗಂತ ಇಲ್ಲ ಅನ್ನಲೂ ಮನಸ್ಸು ಬರುವುದಿಲ್ಲ. ಕೊನೆಗೆ ಸಂಘದಲ್ಲಿ ಸಾಲ ತೆಗೆದೋ, ಕಾಫಿ ಮಾರಿದ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟೋ ಕೊಡಿಸುತ್ತಾರೆ.

ಆ ದುಡ್ಡು ಸರಿಯಾದ ಕಡೆಗೆ ಹೋಗಬೇಕು ಎಂಬುದೇ ಈ ಲೇಖನದ ಉದ್ದೇಶ. ಅಭ್ಯಾಸದ ಸಾಫ್ಟ್‌ವೇರಿನಲ್ಲಿ ಏನೇನು ಇರಬೇಕು, ಏನು ಇದ್ದರೆ ದೂರ ಇಡಬೇಕು, ಸಕಲೇಶಪುರ, ಆಲೂರಿನಂಥ ಗುಡ್ಡಗಾಡಿನಲ್ಲಿ ಕೂತು ಓದುವವರು ಇನ್ನೂ ಏನೇನು ಗಮನಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಪರೀಕ್ಷೆ ಏನು, ಖರ್ಚು ಎಷ್ಟು?

ಬ್ಯಾಂಕಿನ ಶಾಖೆ, ಆಸ್ಪತ್ರೆ, ರೈಲ್ವೆ ಟಿಕೆಟ್ ಕೌಂಟರ್, ಕಾಲೇಜು, ಎಲ್ಲ ಕಡೆಯೂ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಿಕೊಳ್ಳಬೇಕು. ಒಂದೇ ಕಟ್ಟಡದೊಳಗಿನ ಕಂಪ್ಯೂಟರುಗಳನ್ನು ಜೋಡಿಸುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ದಾರಿ ತೋರಿಸುವ ಪೆಟ್ಟಿಗೆ ರೂಟರ್. ಇವುಗಳನ್ನು ಜೋಡಿಸುವುದು, ಸರಿಯಾಗಿ ನಡೆಸುವುದು, ಕೆಟ್ಟಾಗ ದೋಷ ಹುಡುಕುವುದು ನೆಟ್‌ವರ್ಕಿಂಗ್ ಕೆಲಸ. ಈ ಕೆಲಸ ಬರುತ್ತದೆ ಎಂದು ತೋರಿಸುವ ಪರೀಕ್ಷೆಗಳಲ್ಲಿ ಎರಡು ಹೆಸರು ಹೆಚ್ಚಾಗಿ ಕೇಳಿಬರುತ್ತವೆ: ಸಿಸ್ಕೊ ಕಂಪನಿಯ ಸಿಸಿಎನ್‌ಎ ಮತ್ತು ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್. ಸಿಸಿಎನ್‌ಎಗೆ ಕೂರಲು ಇಂಥದ್ದೇ ಡಿಗ್ರಿ ಇರಬೇಕು ಎಂಬ ನಿಯಮ ಇಲ್ಲ. ನಮ್ಮ ಕಡೆಯ ಮಕ್ಕಳಿಗೆ ಇದು ಒಂದು ಬಾಗಿಲು ಅನ್ನಿಸುವುದಕ್ಕೆ ಅದೂ ಒಂದು ಕಾರಣ.

ಸಿಸಿಎನ್‌ಎ ಪರೀಕ್ಷೆಯ ಸಂಖ್ಯೆ 200-301. ಇದು 2020ರ ಫೆಬ್ರವರಿ 24ರಂದು ಜಾರಿಗೆ ಬಂತು. 2024ರ ಆಗಸ್ಟ್‌ನಲ್ಲಿ ಇದರ 1.1 ಆವೃತ್ತಿ ಬಂತು. ಸಮಯ 120 ನಿಮಿಷ. ಪಾಸಾದರೆ ಸರ್ಟಿಫಿಕೇಟು 3 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಿಕೊಳ್ಳಬೇಕು. 1.1 ಆವೃತ್ತಿಗೆ ನಿಗದಿಯಾಗಿದ್ದ ಫೀಸು 300 ಅಮೆರಿಕನ್ ಡಾಲರ್, ತೆರಿಗೆ ಬೇರೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 25,500 ರೂಪಾಯಿ ಆಯಿತು. ಅದರ ಮೇಲೆ ಶೇಕಡಾ 18 ತೆರಿಗೆ ಸೇರಿಸಿದರೆ 30,090. ದಿನಕ್ಕೆ 450 ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ಒಬ್ಬರು ತೋಟದಲ್ಲಿ ಸುಮಾರು 67 ದಿನ ದುಡಿದ ದುಡ್ಡು ಅದು. ಫೇಲಾದರೆ 5 ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಫೀಸನ್ನು ಮತ್ತೆ ಪೂರ್ತಿ ಕಟ್ಟಬೇಕು. ಡಾಲರಿನ ಬೆಲೆಯೂ ಫೀಸೂ ಬದಲಾಗುತ್ತಿರುತ್ತವೆ. ಆದ್ದರಿಂದ ಹೆಸರು ನೋಂದಾಯಿಸುವ ಮುಂಚೆ ಕಂಪನಿಯ ತಾಣದಲ್ಲೇ ನೋಡಿಕೊಳ್ಳಿ.

ಇಷ್ಟು ದುಡ್ಡಿನ ಪರೀಕ್ಷೆಗೆ "ಹೋಗಿ ಬರೆದು ನೋಡೋಣ" ಅಂತ ಹೋಗುವ ಹಾಗಿಲ್ಲ. ತಯಾರಿ ಆಗಿದೆಯೋ ಇಲ್ಲವೋ ಎಂಬುದು ಮನೆಯಲ್ಲೇ ಗೊತ್ತಾಗಬೇಕು. ಅಭ್ಯಾಸದ ಸಾಫ್ಟ್‌ವೇರಿನ ಮುಖ್ಯ ಕೆಲಸ ಅದೇ: ನಮಗೆ ಏನು ಬರುವುದಿಲ್ಲ ಎಂದು ಫೀಸು ಕಟ್ಟುವ ಮೊದಲೇ ನಮಗೆ ತೋರಿಸಿಕೊಡುವುದು. ಈ ಒಂದು ಅಳತೆಗೋಲು ಕೈಯಲ್ಲಿದ್ದರೆ ಒಳ್ಳೆಯದು ಯಾವುದು, ಜೊಳ್ಳು ಯಾವುದು ಅಂತ ಯಾರು ಬೇಕಾದರೂ ತೂಗಬಹುದು.

ಎರಡು ಬಗೆ, ಎರಡೂ ಬೇಕು

ಅಭ್ಯಾಸದ ಸಾಫ್ಟ್‌ವೇರುಗಳಲ್ಲಿ ಎರಡು ಬಗೆ. ಮೊದಲನೆಯದು ಪ್ರಶ್ನೆಗಳ ಸಂಗ್ರಹ. ಪ್ರಶ್ನೆ ಬರುತ್ತದೆ, ಉತ್ತರ ಆರಿಸುತ್ತೀರಿ, ಅಂಕ ತೋರಿಸುತ್ತದೆ. ಎರಡನೆಯದು ಪ್ರಯೋಗಶಾಲೆಯ ಬಗೆ. ನಿಜವಾದ ರೂಟರ್, ಸ್ವಿಚ್ ಇಲ್ಲದಿದ್ದರೂ ಕಂಪ್ಯೂಟರ್ ಪರದೆಯ ಮೇಲೆ ಅವನ್ನು ಇಟ್ಟು, ವೈರು ಎಳೆದು, ಆದೇಶ ಟೈಪು ಮಾಡಿ ನಡೆಸುವುದು. ಸಿಸಿಎನ್‌ಎಯಲ್ಲೂ ನೆಟ್‌ವರ್ಕ್ ಪ್ಲಸ್‌ನಲ್ಲೂ ಉತ್ತರ ಆರಿಸುವ ಪ್ರಶ್ನೆಗಳ ಜೊತೆಗೆ ಕೈಯಾರೆ ಮಾಡಿ ತೋರಿಸುವ ಪ್ರಶ್ನೆಗಳೂ ಬರುತ್ತವೆ. ಆದ್ದರಿಂದ ಒಂದು ಬಗೆಯನ್ನು ಮಾತ್ರ ಅಭ್ಯಾಸ ಮಾಡಿದರೆ ಸಾಲದು. ಈಜುವ ಪುಸ್ತಕ ಓದಿ ಹೇಮಾವತಿಗೆ ಇಳಿದ ಹಾಗಾಗುತ್ತದೆ.

ಇರಬೇಕಾದ ಗುಣಗಳು

1. ತಪ್ಪು ಯಾಕೆ ತಪ್ಪು ಎಂದು ಹೇಳಬೇಕು. ಇದು ಎಲ್ಲಕ್ಕಿಂತ ಮುಖ್ಯ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಾಫಿ ತೋಟದಲ್ಲಿ ಆಫೀಸು, ಪಲ್ಪರ್ ಮನೆ, ಗೋಡೌನು, ಲೈನ್ ಮನೆ ಎಂದು ನಾಲ್ಕು ಜಾಗ ಇವೆ. ನಾಲ್ಕಕ್ಕೂ ಬೇರೆ ಬೇರೆ ಜಾಲ ಬೇಕು. ಇರುವುದು 192.168.10.0 ಎಂಬ ಒಂದೇ ವಿಳಾಸದ ಗುಂಪು, ಅದರಲ್ಲಿ 256 ವಿಳಾಸ. ತೋಟವನ್ನು ನಾಲ್ಕು ಬ್ಲಾಕು ಮಾಡಿದ ಹಾಗೆ ಇದನ್ನೂ 64 ವಿಳಾಸಗಳ ನಾಲ್ಕು ಭಾಗ ಮಾಡಬಹುದು: 0ರಿಂದ 63, 64ರಿಂದ 127, 128ರಿಂದ 191, 192ರಿಂದ 255. ಇದಕ್ಕೆ ಸಬ್‌ನೆಟ್ ಮಾಡುವುದು ಎನ್ನುತ್ತಾರೆ. ಪ್ರತಿ ಭಾಗದ ಮೊದಲ ವಿಳಾಸ ಆ ಜಾಲದ ಹೆಸರಿಗೆ, ಕೊನೆಯದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವುದಕ್ಕೆ. ಹಾಗಾಗಿ ಕಂಪ್ಯೂಟರುಗಳಿಗೆ ಕೊಡಲು ಸಿಗುವುದು 62.

ಈಗ ಪ್ರಶ್ನೆ: 192.168.10.70 ಮತ್ತು 192.168.10.130, ಇವೆರಡೂ ರೂಟರ್ ಇಲ್ಲದೆ ಮಾತಾಡಿಕೊಳ್ಳಬಹುದೇ? ಹುಡುಗ "ಹೌದು" ಅಂತ ಒತ್ತಿದ. ಕಳಪೆ ಸಾಫ್ಟ್‌ವೇರ್ "ತಪ್ಪು. ಸರಿ ಉತ್ತರ: ಇಲ್ಲ" ಅಂತ ತೋರಿಸಿ ಮುಂದಕ್ಕೆ ಹೋಗುತ್ತದೆ. ಒಳ್ಳೆಯದು ಹೀಗೆ ವಿವರಿಸುತ್ತದೆ: "70 ಇರುವುದು 64ರಿಂದ 127ರ ಬ್ಲಾಕಿನಲ್ಲಿ. 130 ಇರುವುದು 128ರಿಂದ 191ರ ಬ್ಲಾಕಿನಲ್ಲಿ. ಬ್ಲಾಕು ಬೇರೆಯಾದ್ದರಿಂದ ನಡುವೆ ರೂಟರ್ ಬೇಕು. ಮೊದಲ ಮೂರು ಸಂಖ್ಯೆ ಒಂದೇ ಇರುವುದನ್ನು ನೋಡಿ ನೀವು ಹೌದು ಎಂದಿರಬಹುದು, ಮಾಸ್ಕ್ 255.255.255.192 ಇರುವುದನ್ನೂ ನೋಡಬೇಕಿತ್ತು." ಮೊದಲನೆಯದರಿಂದ ಒಂದು ಅಂಕ ಹೋಯಿತು, ಅಷ್ಟೇ. ಎರಡನೆಯದರಿಂದ ಒಂದು ಪಾಠ ಬಂತು. ಸರಿ ಉತ್ತರಕ್ಕೆ ಮಾತ್ರವಲ್ಲ, ಉಳಿದ ಪ್ರತಿ ಆಯ್ಕೆಗೂ ಇಂಥ ವಿವರಣೆ ಇರಬೇಕು.

2. ಪ್ರತಿ ಸಲ ಅಂಕಿಗಳು ಬದಲಾಗಬೇಕು. ಅದೇ ಪ್ರಶ್ನೆಯನ್ನು ಅದೇ ಅಂಕಿಯೊಡನೆ ಮೂರು ಸಲ ಕೇಳಿದರೆ ನಾಲ್ಕನೇ ಸಲ ಲೆಕ್ಕ ಮಾಡುವುದೇ ಬೇಡ, "ಎರಡನೇದು ಸರಿ" ಅಂತ ಬಾಯಿಪಾಠ ಆಗಿರುತ್ತದೆ. ಅಂಕ 60ರಿಂದ 95ಕ್ಕೆ ಏರುತ್ತದೆ, ಜ್ಞಾನ ಇದ್ದಲ್ಲೇ ಇರುತ್ತದೆ. ಸಬ್‌ನೆಟ್ ಲೆಕ್ಕಗಳಲ್ಲಂತೂ ಸಾಫ್ಟ್‌ವೇರ್ ತಾನೇ ಹೊಸ ಹೊಸ ವಿಳಾಸ ಹುಟ್ಟಿಸಿ ಕೇಳಬೇಕು. ಉಳಿದ ಪ್ರಶ್ನೆಗಳಲ್ಲಿ ಕೊನೇಪಕ್ಷ ಉತ್ತರಗಳ ಕ್ರಮವನ್ನಾದರೂ ಅದಲುಬದಲು ಮಾಡಬೇಕು.

3. ಫಲ ನೋಡಿ ಅಂಕ ಕೊಡಬೇಕು, ಅಕ್ಷರ ನೋಡಿ ಅಲ್ಲ. ಪ್ರಯೋಗದ ಪ್ರಶ್ನೆಯಲ್ಲಿ "ಸ್ವಿಚ್ಚಿನ ಐದನೇ ಪೋರ್ಟನ್ನು 20ನೇ ವಿ-ಲ್ಯಾನ್‌ಗೆ ಸೇರಿಸಿ" ಎಂದು ಕೇಳುತ್ತಾರೆ. ಇದಕ್ಕೆ ಆದೇಶವನ್ನು ಪೂರ್ತಿ ಬರೆಯಬಹುದು, ಚಿಕ್ಕದು ಮಾಡಿಯೂ ಬರೆಯಬಹುದು. ನಿಜವಾದ ಉಪಕರಣ ಎರಡನ್ನೂ ಒಪ್ಪುತ್ತದೆ. ಕೆಲವು ಸಾಫ್ಟ್‌ವೇರುಗಳು ತಮಗೆ ಗೊತ್ತಿರುವ ಒಂದೇ ರೀತಿಯಲ್ಲಿ ಬರೆದರೆ ಮಾತ್ರ ಸರಿ ಅನ್ನುತ್ತವೆ. ಅದು ತಪ್ಪು ಕಲಿಕೆ. ಕೊನೆಯಲ್ಲಿ ಪೋರ್ಟು ಆ ವಿ-ಲ್ಯಾನ್‌ನಲ್ಲಿ ಇದೆಯೇ, ಆ ಕಡೆಯ ಕಂಪ್ಯೂಟರಿಗೆ ಪಿಂಗ್ ಹೋಗುತ್ತದೆಯೇ ಎಂದು ನೋಡಿ ಅಂಕ ಕೊಡುವುದು ಸರಿಯಾದ ಪದ್ಧತಿ.

4. ಕೆಟ್ಟಿದ್ದನ್ನು ಹುಡುಕುವ ಅಭ್ಯಾಸ ಇರಬೇಕು. ಕೆಲಸಕ್ಕೆ ಸೇರಿದ ಮೇಲೆ ಹೊಸದಾಗಿ ಕಟ್ಟುವುದಕ್ಕಿಂತ ಕೆಟ್ಟಿದ್ದನ್ನು ಸರಿ ಮಾಡುವುದೇ ಹೆಚ್ಚು. ಆದ್ದರಿಂದ ಬೇಕೆಂದೇ ದೋಷ ಇಟ್ಟ ಜಾಲವನ್ನು ಕೊಟ್ಟು "ಸರಿ ಮಾಡಿ" ಎನ್ನುವ ಪಾಠಗಳು ಇರಬೇಕು. ಉದಾಹರಣೆಗೆ, "ಶೋ ಐಪಿ ಇಂಟರ್‌ಫೇಸ್ ಬ್ರೀಫ್" ಎಂದು ಕೇಳಿದಾಗ ರೂಟರಿನ ಒಂದು ಪೋರ್ಟು "ಅಡ್ಮಿನಿಸ್ಟ್ರೇಟಿವ್ಲಿ ಡೌನ್" ಎಂದು ತೋರಿಸಿದರೆ ವೈರು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆ ಪೋರ್ಟನ್ನು ಆದೇಶದಿಂದಲೇ ಮುಚ್ಚಿಡಲಾಗಿದೆ, "ನೋ ಶಟ್‌ಡೌನ್" ಎಂದರೆ ತೆರೆಯುತ್ತದೆ. ಬರೀ "ಡೌನ್" ಎಂದಿದ್ದರೆ ಮೊದಲು ವೈರು, ಆ ಕಡೆಯ ಉಪಕರಣ ನೋಡಬೇಕು. ನಮ್ಮ ಮನೆಯಲ್ಲಿ ಮೇನ್ ಸ್ವಿಚ್ ಆಫ್ ಆಗಿರುವುದಕ್ಕೂ ಮರ ಬಿದ್ದು ಲೈನು ಹೋಗಿರುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟೇ ವ್ಯತ್ಯಾಸ. ಇದನ್ನು ಹತ್ತು ಸಲ ಕೈಯಾರೆ ಮಾಡಿದವರು ಸಂದರ್ಶನದಲ್ಲಿ ತಡವರಿಸುವುದಿಲ್ಲ.

5. ಕಲಿಯುವ ರೀತಿ ಬೇರೆ, ಪರೀಕ್ಷೆಯ ರೀತಿ ಬೇರೆ ಇರಬೇಕು. ಕಲಿಯುವಾಗ ಗಡಿಯಾರ ಬೇಡ, ಪ್ರತಿ ಪ್ರಶ್ನೆಗೂ ತಕ್ಷಣ ವಿವರಣೆ ಬೇಕು. ಪರೀಕ್ಷೆಯ ರೀತಿಯಲ್ಲಿ ಕೂತಾಗ ನಿಜವಾದ ಪರೀಕ್ಷೆಯ ನಿಯಮಗಳೇ ಇರಬೇಕು. ಸಿಸಿಎನ್‌ಎಯಲ್ಲಿ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದರೆ ಮತ್ತೆ ಹಿಂದಕ್ಕೆ ಬರುವ ಹಾಗಿಲ್ಲ. ನೆಟ್‌ವರ್ಕ್ ಪ್ಲಸ್‌ನಲ್ಲಿ ಗುರುತು ಹಾಕಿಟ್ಟು ಆಮೇಲೆ ನೋಡಬಹುದು. ಅಲ್ಲಿ ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ, 100ರಿಂದ 900ರ ಅಳತೆಯಲ್ಲಿ 720 ಬಂದರೆ ಪಾಸು. ಸಿಸ್ಕೊ ಪಾಸಿನ ಅಂಕ ಇಷ್ಟೇ ಎಂದು ಪ್ರಕಟಿಸುವುದಿಲ್ಲ. "ನಮ್ಮಲ್ಲಿ 82 ಬಂದರೆ ಅಲ್ಲಿ ಪಾಸು ಗ್ಯಾರಂಟಿ" ಎನ್ನುವ ಸಾಫ್ಟ್‌ವೇರನ್ನು ನಂಬಬೇಡಿ.

6. ಯಾವ ಪಾಠದಲ್ಲಿ ಹಿಂದೆ ಇದ್ದೇವೆ ಎಂದು ತೋರಿಸಬೇಕು. ಸಿಸಿಎನ್‌ಎ 1.1ರ ಪಾಠಪಟ್ಟಿಯಲ್ಲಿ ಆರು ಭಾಗಗಳು: ಜಾಲದ ಮೂಲ ವಿಷಯಗಳು ಶೇಕಡಾ 20, ಸ್ವಿಚ್, ವಿ-ಲ್ಯಾನ್, ವೈ-ಫೈ ಸೇರಿದ ಭಾಗ 20, ರೂಟಿಂಗ್ 25, ಐಪಿ ಸೇವೆಗಳು 10, ಭದ್ರತೆ 15, ಸ್ವಯಂಚಾಲನೆ ಮತ್ತು ಪ್ರೋಗ್ರಾಮಿಂಗ್ 10. ಅಭ್ಯಾಸದ ಸಾಫ್ಟ್‌ವೇರ್ ಪ್ರಶ್ನೆಗಳನ್ನು ಇದೇ ಪಾಲಿನಲ್ಲಿ ಹಂಚಬೇಕು. ಕೊನೆಯಲ್ಲಿ ಬರೀ "72" ಅಂತ ತೋರಿಸಿದರೆ ಏನು ಪ್ರಯೋಜನ? "ರೂಟಿಂಗ್‌ನಲ್ಲಿ 48, ಭದ್ರತೆಯಲ್ಲಿ 90" ಎಂದು ಬಿಡಿಸಿ ಹೇಳಿದರೆ ಮುಂದಿನ ವಾರ ಏನು ಓದಬೇಕು ಎಂದು ತಿಳಿಯುತ್ತದೆ.

7. ತಪ್ಪಿದ್ದನ್ನು ಮತ್ತೆ ಮತ್ತೆ, ಬಿಟ್ಟು ಬಿಟ್ಟು ಕೇಳಬೇಕು. ಓದಿದ್ದು ದಿನ ಕಳೆದಂತೆ ಮರೆಯುತ್ತದೆ, ಅಂತರ ಕೊಟ್ಟು ನೆನಪಿಸಿಕೊಂಡರೆ ನಿಲ್ಲುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬುವರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಪ್ರಕಟಿಸಿದರು. ಇವತ್ತು ತಪ್ಪಿದ ಪ್ರಶ್ನೆ ನಾಳೆ ಬರಬೇಕು, ಸರಿ ಮಾಡಿದರೆ ಮೂರು ದಿನ ಬಿಟ್ಟು, ಮತ್ತೆ ಸರಿಯಾದರೆ ವಾರ ಬಿಟ್ಟು ಬರಬೇಕು. ಕೊಂಡ ಸಾಫ್ಟ್‌ವೇರಿನಲ್ಲಿ ಈ ಅನುಕೂಲ ಇಲ್ಲದಿದ್ದರೆ ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಉಚಿತವಾಗಿ ಸಿಗುವ ಆಂಕಿ ಎಂಬ ಸಾಫ್ಟ್‌ವೇರಿನಲ್ಲಿ ನೀವೇ ಪ್ರಶ್ನೆ ಬರೆದಿಟ್ಟುಕೊಳ್ಳಬಹುದು. ಕನ್ನಡದಲ್ಲೂ ಬರೆಯಬಹುದು.

8. ಈಗಿನ ಪಾಠಪಟ್ಟಿಗೆ ಹೊಂದಬೇಕು. ಹಳೇ ಸರಕನ್ನು ಹೊಸ ಡಬ್ಬದಲ್ಲಿ ಹಾಕಿ ಮಾರುವುದು ಈ ವ್ಯಾಪಾರದಲ್ಲೂ ಉಂಟು. ಕಂಡುಹಿಡಿಯುವುದು ಸುಲಭ. 2020ರ ಫೆಬ್ರವರಿವರೆಗೆ ಇದ್ದ 200-125 ಪರೀಕ್ಷೆಯಲ್ಲಿ ರಿಪ್, ಈಐಜಿಆರ್‌ಪಿ ಎಂಬ ರೂಟಿಂಗ್ ವಿಧಾನಗಳನ್ನು ಜೋಡಿಸಲು ಕಲಿಯಬೇಕಿತ್ತು. 200-301ರಲ್ಲಿ ಆ ಜಾಗವನ್ನು ಓಎಸ್‌ಪಿಎಫ್ ಒಂದೇ ತುಂಬಿದೆ. ಅದಕ್ಕೂ ಹಿಂದಿನ ಪರೀಕ್ಷೆಯಲ್ಲಿ ಫ್ರೇಮ್ ರಿಲೇ ಇತ್ತು. ಸ್ವಯಂಚಾಲನೆಯ ಭಾಗದಲ್ಲಿ 1.1 ಆವೃತ್ತಿ ಬಂದಾಗ ಪಪೆಟ್, ಶೆಫ್ ಎಂಬ ಹೆಸರುಗಳು ಹೋಗಿ ಟೆರಾಫಾರ್ಮ್ ಬಂತು. ಕೃತಕ ಬುದ್ಧಿಮತ್ತೆಯ ವಿಷಯವೂ ಸೇರಿತು. ಮಾದರಿ ಪ್ರಶ್ನೆ ತೆರೆದಾಗ ಫ್ರೇಮ್ ರಿಲೇ, ಈಐಜಿಆರ್‌ಪಿ ಜೋಡಣೆ ತುಂಬಿಕೊಂಡಿದ್ದರೆ ಅದು ಹಳೇ ಸರಕು, ವಾಪಸು ಕೊಡಿ. ಪರೀಕ್ಷೆಯ ಸಂಖ್ಯೆ, ಆವೃತ್ತಿ, ಕೊನೆಯ ಸಲ ತಿದ್ದಿದ ದಿನಾಂಕ, ಈ ಮೂರೂ ಮೊದಲ ಪರದೆಯಲ್ಲೇ ಕಾಣಬೇಕು. ಪಾಠಪಟ್ಟಿ ಮುಂದೆಯೂ ಬದಲಾಗುತ್ತದೆ. ಕೊಳ್ಳುವ ದಿನ ಯಾವ ಆವೃತ್ತಿ ನಡೆಯುತ್ತಿದೆ ಎಂದು ಸಿಸ್ಕೊ ತಾಣದಲ್ಲಿ ನೋಡಿಕೊಂಡೇ ಹೋಗಿ.

ನಮ್ಮ ಗುಡ್ಡಗಾಡಿಗೆ ಬೇಕಾದ ಗುಣಗಳು

ಮೇಲಿನ ಎಂಟು ಗುಣಗಳು ಬೆಂಗಳೂರಿನವರಿಗೂ ಬೇಕು. ಹೆತ್ತೂರು, ಯಸಳೂರು, ಹಾನುಬಾಳು, ಕೆಂಚಮ್ಮನ ಹೊಸಕೋಟೆ ಕಡೆ ಕೂತು ಓದುವವರಿಗೆ ಇನ್ನೂ ಕೆಲವು ಬೇಕು.

ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಇಲ್ಲಿ ಕರೆಂಟಿನ ಮೇಲೆ ನಂಬಿಕೆ ಇಡುವ ಹಾಗಿಲ್ಲ. ಕರೆಂಟು ಹೋಗಿ ಸ್ವಲ್ಪ ಹೊತ್ತಾದರೆ ಫೋನಿನ ಸಿಗ್ನಲ್ಲೂ ಹೋಗುತ್ತದೆ. ಟೌನಿನ ಕಂಪ್ಯೂಟರ್ ಸೆಂಟರಿಗೆ ಹೋಗಿ ಸಾಯಂಕಾಲ ಕಲಿಯೋಣ ಅಂದರೆ, ಕಾಡಾನೆ ಓಡಾಟ ಇರುವ ದಿನ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಬರೋಕಾಗಲ್ಲ. ಆದ್ದರಿಂದ ಅಭ್ಯಾಸ ಮನೆಯಲ್ಲೇ, ಇಂಟರ್‌ನೆಟ್ ಇಲ್ಲದೆಯೂ ನಡೆಯಬೇಕು. ಒಂದು ಸಲ ಇಳಿಸಿಕೊಂಡರೆ ಎಲ್ಲ ಪಾಠವೂ ಕಂಪ್ಯೂಟರಿನಲ್ಲೇ ಉಳಿಯಬೇಕು. ಕೆಲವು ಸಾಫ್ಟ್‌ವೇರುಗಳು ಪ್ರತಿ ಸಲ ತೆರೆದಾಗಲೂ ಇಂಟರ್‌ನೆಟ್‌ನಲ್ಲಿ ಪಾಸ್‌ವರ್ಡ್ ಕೇಳುತ್ತವೆ. ಅಂಥದ್ದು ನಮ್ಮ ಕಡೆಗೆ ಆಗಿಬರುವುದಿಲ್ಲ.

ಇನ್ನೊಂದು, ಬರೆಯುತ್ತಿರುವಾಗಲೇ ಕರೆಂಟು ಹೋದರೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಶುರುವಾಗಬೇಕು. ಎಪ್ಪತ್ತು ಪ್ರಶ್ನೆ ಬರೆದ ಮೇಲೆ ಎಲ್ಲ ಅಳಿಸಿಹೋದರೆ ಮತ್ತೆ ಕೂರುವ ಮನಸ್ಸು ಯಾರಿಗೂ ಬರುವುದಿಲ್ಲ. ಇದರಲ್ಲಿ ನೆಟ್‌ವರ್ಕಿಂಗ್‌ನ ಪಾಠವೂ ಒಂದಿದೆ. ಸಿಸ್ಕೊ ರೂಟರಿಗೆ ನಾವು ಕೊಟ್ಟ ಆದೇಶಗಳು ಮೊದಲು ತಾತ್ಕಾಲಿಕ ನೆನಪಿನಲ್ಲಿ ಇರುತ್ತವೆ. "ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್" ಎಂದು ಉಳಿಸದೆ ಬಿಟ್ಟರೆ ಕರೆಂಟು ಹೋಗಿ ಬಂದಾಗ ರೂಟರ್ ಎಲ್ಲ ಮರೆತಿರುತ್ತದೆ. ಒಳ್ಳೆಯ ಪ್ರಯೋಗದ ಸಾಫ್ಟ್‌ವೇರಿನಲ್ಲಿ ಪರದೆಯ ಮೇಲಿನ ರೂಟರಿಗೂ ಒಂದು ಪವರ್ ಸ್ವಿಚ್ ಇರುತ್ತದೆ. ಅದನ್ನು ಆರಿಸಿ ಹೊತ್ತಿಸಿ ನೋಡಿದ ಹುಡುಗಿ ಈ ಪಾಠ ಮರೆಯುವುದಿಲ್ಲ.

ಹಳೇ ಕಂಪ್ಯೂಟರಿನಲ್ಲೂ ಓಡಬೇಕು. ಕಾಲೇಜಿನಿಂದ ಹರಾಜಿನಲ್ಲಿ ತಂದದ್ದೋ, ಅಣ್ಣ ಬಳಸಿ ಬಿಟ್ಟದ್ದೋ ಅನೇಕರ ಬಳಿ ಇರುವುದು. 16 ಜಿಬಿ ರ್‍ಯಾಮ್ ಕೇಳುವ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ತಂದು ತೆರೆಯಲಿಕ್ಕೇ ಆಗದಿದ್ದರೆ ದಂಡ. ಕೊಳ್ಳುವ ಮುಂಚೆ ಮಾದರಿ ಆವೃತ್ತಿಯನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ.

ಒಂದು ಕಂಪ್ಯೂಟರನ್ನು ನಾಲ್ಕೈದು ಜನ ಹಂಚಿಕೊಳ್ಳುವ ಕಡೆ ಪ್ರತಿಯೊಬ್ಬರ ಲೆಕ್ಕವೂ ಬೇರೆ ಬೇರೆ ಉಳಿಯಬೇಕು. ಇಲ್ಲಾಂದ್ರೆ ಒಬ್ಬನ ಅಂಕದಲ್ಲಿ ಇನ್ನೊಬ್ಬನ ತಪ್ಪು ಸೇರಿ ಯಾರಿಗೆ ಏನು ಬರುತ್ತದೆ ಎಂದೇ ತಿಳಿಯದು. ಎಷ್ಟು ಜನ ಬಳಸಲು ಅನುಮತಿ ಇದೆ, ಎಷ್ಟು ತಿಂಗಳು ನಡೆಯುತ್ತದೆ ಎಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಕಳ್ಳ ಪ್ರತಿ ಬೇಡ. ಕಾನೂನಿನ ಮಾತು ಒಂದು ಕಡೆ, ಅದರ ಜೊತೆಗೆ ವೈರಸ್ ಬಂದು ಇರುವ ಕಂಪ್ಯೂಟರೂ ಹಾಳಾಗುವುದು ಇನ್ನೊಂದು ಕಡೆ.

ಕೊನೆಯದಾಗಿ ಭಾಷೆ. ನಮ್ಮ ಎಷ್ಟೋ ಮಕ್ಕಳು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರು. ಅವರಿಗೆ ರೂಟರ್ ಅರ್ಥವಾಗುತ್ತದೆ, ಆದರೆ ಪ್ರಶ್ನೆಯ ಉದ್ದನೆಯ ಇಂಗ್ಲಿಷ್ ವಾಕ್ಯ ತಲೆಗೆ ಹೋಗುವುದಿಲ್ಲ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕಾದ್ದರಿಂದ ಪ್ರಶ್ನೆ ಇಂಗ್ಲಿಷಿನಲ್ಲೇ ಇರಲಿ, ಪಾರಿಭಾಷಿಕ ಪದಗಳೂ ಹಾಗೇ ಇರಲಿ. ವಿವರಣೆ ಮಾತ್ರ ಸರಳ ಇಂಗ್ಲಿಷಿನಲ್ಲಿ, ಸಾಧ್ಯವಾದರೆ ಕನ್ನಡದಲ್ಲಿ ಇದ್ದರೆ ಎಷ್ಟು ಅನುಕೂಲ! ಸಾಫ್ಟ್‌ವೇರ್ ತಯಾರಿಸುವ ನಮ್ಮ ಕನ್ನಡದ ಇಂಜಿನಿಯರುಗಳು ಈ ಕಡೆ ಮನಸ್ಸು ಮಾಡಬೇಕು. ಅಲ್ಲಿಯವರೆಗೆ ಮಕ್ಕಳು ಮೂರು ಮೂರು ಜನ ಗುಂಪು ಕಟ್ಟಿಕೊಳ್ಳುವುದು ಒಳ್ಳೇದು. ಒಬ್ಬರು ಪ್ರಶ್ನೆ ಗಟ್ಟಿಯಾಗಿ ಓದಲಿ, ಒಬ್ಬರು ಟೈಪು ಮಾಡಲಿ, ಇನ್ನೊಬ್ಬರು ಯಾಕೆ ಹೀಗೆ ಅಂತ ಕನ್ನಡದಲ್ಲಿ ಹೇಳಲಿ. ಇನ್ನೊಬ್ಬರಿಗೆ ಬಿಡಿಸಿ ಹೇಳಲು ಬಂದರೆ ಅದು ತನಗೆ ಬಂದ ಹಾಗೆ.

ಉಚಿತವಾಗಿ ಏನು ಸಿಗುತ್ತದೆ?

ದುಡ್ಡು ಕೊಡುವ ಮುಂಚೆ ಉಚಿತವಾಗಿ ಸಿಗುವುದನ್ನು ಪೂರ್ತಿ ಬಳಸಿ. ಸಿಸ್ಕೊ ಕಂಪನಿಯೇ ಮಾಡಿರುವ ಪ್ಯಾಕೆಟ್ ಟ್ರೇಸರ್ ಎಂಬ ಪ್ರಯೋಗದ ಸಾಫ್ಟ್‌ವೇರ್ ಅವರ ನೆಟ್‌ವರ್ಕಿಂಗ್ ಅಕಾಡೆಮಿ ತಾಣದಲ್ಲಿ ಖಾತೆ ತೆರೆದವರಿಗೆ ಉಚಿತ. ರೂಟರ್, ಸ್ವಿಚ್, ಕಂಪ್ಯೂಟರ್, ವೈ-ಫೈ ಎಲ್ಲ ಅದರಲ್ಲಿವೆ. ವಿವರ ಪತ್ರ ಹೇಗೆ ಒಂದು ಅಂಚೆ ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತದೋ ಹಾಗೆ ಮಾಹಿತಿಯ ಪೊಟ್ಟಣ ಹೋಗುವುದನ್ನು ಹೆಜ್ಜೆ ಹೆಜ್ಜೆಯಾಗಿ ನಿಲ್ಲಿಸಿ ನೋಡಬಹುದು. ಕಲಿಸುವವರು ತಾವೇ ಪಾಠ ಸಿದ್ಧಮಾಡಿ, ಎಷ್ಟು ಭಾಗ ಸರಿಯಾಯಿತು ಎಂದು ಅದೇ ಲೆಕ್ಕ ಹಾಕುವಂತೆಯೂ ಮಾಡಬಹುದು. ನಿಜವಾದ ರೂಟರಿನ ಎಲ್ಲ ಆದೇಶಗಳೂ ಅದರಲ್ಲಿ ನಡೆಯುವುದಿಲ್ಲ, ಆದರೆ ಸಿಸಿಎನ್‌ಎ ಮಟ್ಟದ ಅಭ್ಯಾಸದ ಬಹುಪಾಲು ಅದರಲ್ಲೇ ಆಗುತ್ತದೆ. ಜಿಎನ್‌ಎಸ್3 ಎಂಬುದು ಇನ್ನೊಂದು. ಅದೂ ಉಚಿತ, ಮುಕ್ತ ಸಾಫ್ಟ್‌ವೇರ್. ಅದು ನಿಜವಾದ ರೂಟರಿನ ಸಾಫ್ಟ್‌ವೇರನ್ನೇ ಓಡಿಸುತ್ತದೆ, ಆದರೆ ಆ ಸಾಫ್ಟ್‌ವೇರನ್ನು ನಾವೇ ನ್ಯಾಯವಾಗಿ ಪಡೆದು ಹಾಕಬೇಕು; ಕಂಪ್ಯೂಟರೂ ಗಟ್ಟಿ ಇರಬೇಕು. ಶುರು ಮಾಡುವವರಿಗೆ ಮೊದಲನೆಯದೇ ಸಾಕು. ಹೀಗೆ ಮಾಡಿದರೆ ದುಡ್ಡು ಕೊಡಬೇಕಾದ್ದು ಪ್ರಶ್ನೆಗಳ ಸಂಗ್ರಹಕ್ಕೆ ಮಾತ್ರ.

"ಪರೀಕ್ಷೆಯ ನಿಜವಾದ ಪ್ರಶ್ನೆಗಳೇ ಇವೆ" ಎಂದರೆ ಎಚ್ಚರ

ಈಗ ಎಲ್ಲಕ್ಕಿಂತ ದೊಡ್ಡ ಅಪಾಯದ ಮಾತು. ಪರೀಕ್ಷೆ ಬರೆದವರಿಂದ ಪ್ರಶ್ನೆಗಳನ್ನು ಕದ್ದು, ಉತ್ತರ ಸೇರಿಸಿ ಮಾರುವ ದಂಧೆ ಇದೆ. ಇದಕ್ಕೆ ಡಂಪ್ಸ್ ಎನ್ನುತ್ತಾರೆ. "ನಾಲ್ಕು ದಿನ ಬಾಯಿಪಾಠ ಮಾಡಿ, ಪಾಸು ಖಂಡಿತ" ಎಂಬುದು ಇವರ ಜಾಹೀರಾತು. ಅಗ್ಗ, ಸುಲಭ, ಸ್ನೇಹಿತರೂ ಹೇಳುತ್ತಾರೆ. ಹಾಗಂತ ಅದರ ಹಿಂದೆ ಹೋಗಬೇಡಿ.

ಮೊದಲನೆಯದಾಗಿ, ಪರೀಕ್ಷೆಗೆ ಕೂರುವಾಗ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ, ಕದ್ದ ಪ್ರಶ್ನೆ ಬಳಸುವುದಿಲ್ಲ ಎಂಬ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟೇ ಕೂರುತ್ತೇವೆ. ಅದನ್ನು ಮೀರಿದ್ದು ಗೊತ್ತಾದರೆ ಕಂಪನಿ ಅಂಕ ರದ್ದು ಮಾಡಬಹುದು, ಕೊಟ್ಟ ಸರ್ಟಿಫಿಕೇಟು ಕಿತ್ತುಕೊಳ್ಳಬಹುದು, ಮುಂದೆ ಬರೆಯದಂತೆ ತಡೆಯಬಹುದು. ಎರಡನೆಯದಾಗಿ, ಆ ಉತ್ತರಗಳಲ್ಲಿ ತಪ್ಪುಗಳೂ ಇರುತ್ತವೆ. ಯಾಕೆ ಸರಿ ಎಂಬ ವಿವರಣೆ ಇರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಹಾಗೆ ಪಾಸಾದ ಹುಡುಗ ಸಂದರ್ಶನಕ್ಕೆ ಹೋಗುತ್ತಾನೆ. ಒಂದು ಲ್ಯಾಪ್‌ಟಾಪ್ ಮುಂದಿಟ್ಟು "ಈ ಎರಡು ಕಂಪ್ಯೂಟರಿಗೆ ಪಿಂಗ್ ಹೋಗ್ತಿಲ್ಲ, ಯಾಕೆ ನೋಡು" ಅನ್ನುತ್ತಾರೆ. ಕೈ ಆಡುವುದಿಲ್ಲ. ಮನೆಯವರು ಸಾಲ ಮಾಡಿ ಕೊಡಿಸಿದ ಕಾಗದ ಚೀಲದಲ್ಲೇ ಉಳಿಯುತ್ತದೆ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ.

ಒಳ್ಳೆಯ ಸಾಫ್ಟ್‌ವೇರ್ ಮಾಡುವವರು "ಈ ಪ್ರಶ್ನೆಗಳನ್ನು ನಾವೇ ಪಾಠಪಟ್ಟಿ ನೋಡಿ ಬರೆದಿದ್ದೇವೆ" ಎಂದು ಧೈರ್ಯವಾಗಿ ಹೇಳುತ್ತಾರೆ. ಬರೆದವರ ಹೆಸರು, ತಪ್ಪು ಕಂಡರೆ ತಿಳಿಸುವ ವಿಳಾಸ ಕೊಟ್ಟಿರುತ್ತಾರೆ. ಹೆಸರು ಹೇಳದೆ, "ಪಾಸಾಗದಿದ್ದರೆ ದುಡ್ಡು ವಾಪಸು" ಎಂದು ಕೂಗುವವರ ಕಡೆ ಹೋಗದಿರುವುದೇ ಲೇಸು.

ಪರೀಕ್ಷೆಯ ದಿನ ಗೊತ್ತುಮಾಡುವಾಗ

ಅಭ್ಯಾಸ ಸರಿಯಾಗಿದ್ದರೂ ದಿನ ತಪ್ಪಾಗಿ ಆರಿಸಿಕೊಂಡು ಕಷ್ಟಪಡುವುದು ಬೇಡ. ಈ ಪರೀಕ್ಷೆಗಳನ್ನು ಪಿಯರ್ಸನ್ ವ್ಯೂ ಎಂಬ ಸಂಸ್ಥೆ ನಡೆಸುತ್ತದೆ. ಅವರ ಕೇಂದ್ರಕ್ಕೆ ಹೋಗಿ ಬರೆಯಬಹುದು, ಮನೆಯಿಂದಲೂ ಬರೆಯಬಹುದು. ಆದರೆ ಮನೆಯಲ್ಲಿ ಬರೆಯಲು ಬೇರೆ ಯಾರೂ ಬರದ ಒಂಟಿ ಕೋಣೆ, ಕ್ಯಾಮೆರಾ, ನಡುವೆ ಕಡಿಯದ ಇಂಟರ್‌ನೆಟ್ ಬೇಕು. ಸಂಪರ್ಕ ಕಡಿದರೆ ಪರೀಕ್ಷೆ ಅಲ್ಲಿಗೇ ನಿಲ್ಲಬಹುದು. ನಮ್ಮ ಕಡೆಯವರಿಗೆ ಕೇಂದ್ರಕ್ಕೆ ಹೋಗುವುದೇ ಕ್ಷೇಮ.

ಕೇಂದ್ರ ಬೆಂಗಳೂರಿನಂಥ ಊರಿನಲ್ಲಿ ಇರುವುದರಿಂದ ಹಿಂದಿನ ದಿನವೇ ಹೋಗಿ ಉಳಿಯುವಂತೆ ನೋಡಿಕೊಳ್ಳಿ. ಘಟ್ಟ ಇಳಿದು ಮಂಗಳೂರು ಕಡೆ ಹೋಗುವವರು ಮಳೆಗಾಲ ತಪ್ಪಿಸಿ. 2024ರ ಜುಲೈನಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಜರಿದು ರೈಲು ನಿಂತಿದ್ದು, ಶಿರಾಡಿ ಘಾಟಿಯಲ್ಲೂ ಸಂಚಾರಕ್ಕೆ ತಡೆಯಾಗಿದ್ದು ಎಲ್ಲರಿಗೂ ನೆನಪಿದೆ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಮನೆಯ ಎಲ್ಲ ಕೈಗಳಿಗೂ ಕೆಲಸ. ಕುಯ್ಲು ಮುಗಿದು ಮಳೆ ಹಿಡಿಯುವವರೆಗಿನ ಮಾರ್ಚ್, ಏಪ್ರಿಲ್, ಮೇ ತಿಂಗಳು ನಮ್ಮವರಿಗೆ ಅನುಕೂಲ. ಮಳೆಗಾಲವನ್ನು ಮನೆಯಲ್ಲಿ ಕೂತು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಅಂಗಡಿಯಲ್ಲಿ, ತರಬೇತಿ ಕೇಂದ್ರದಲ್ಲಿ ಕೇಳಬೇಕಾದ ಪ್ರಶ್ನೆಗಳು

ಪೋಷಕರೇ, ನಿಮಗೆ ಕಂಪ್ಯೂಟರ್ ಬಾರದಿದ್ದರೂ ಈ ಹತ್ತು ಪ್ರಶ್ನೆ ಕೇಳಿ. ಇದನ್ನು ಕತ್ತರಿಸಿ ಇಟ್ಟುಕೊಂಡರೂ ಆದೀತು.

1. ಇದು ಯಾವ ಪರೀಕ್ಷೆಯ ಯಾವ ಆವೃತ್ತಿಗೆ? ಕೊನೆಯ ಸಲ ತಿದ್ದಿದ್ದು ಯಾವಾಗ?
2. ತಪ್ಪು ಉತ್ತರಗಳಿಗೂ ವಿವರಣೆ ಇದೆಯೇ? ಒಂದು ತೋರಿಸಿ.
3. ಎರಡನೇ ಸಲ ಬರೆದರೆ ಅಂಕಿಗಳು ಬದಲಾಗುತ್ತವೆಯೇ?
4. ಕೈಯಾರೆ ಮಾಡುವ ಪ್ರಯೋಗಗಳು, ದೋಷ ಹುಡುಕುವ ಪಾಠಗಳು ಎಷ್ಟಿವೆ?
5. ಪಾಠವಾರು ಅಂಕ ತೋರಿಸುತ್ತದೆಯೇ?
6. ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆಯೇ?
7. ಕರೆಂಟು ಹೋದರೆ ಬರೆದದ್ದು ಉಳಿಯುತ್ತದೆಯೇ?
8. ನಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆಯೇ? ಮೊದಲು ಮಾದರಿ ಕೊಡುತ್ತೀರಾ?
9. ಎಷ್ಟು ಜನ, ಎಷ್ಟು ತಿಂಗಳು ಬಳಸಬಹುದು? ರಸೀದಿ ಕೊಡುತ್ತೀರಾ?
10. ಪ್ರಶ್ನೆಗಳನ್ನು ಬರೆದವರು ಯಾರು?

ಹತ್ತನೇ ಪ್ರಶ್ನೆಗೆ "ಅದೆಲ್ಲಾ ಒರಿಜಿನಲ್ ಪೇಪರ್‌ನಿಂದ ಬಂದಿದ್ದು ಅಮ್ಮಾ" ಎಂಬ ಉತ್ತರ ಬಂದರೆ ಎದ್ದು ಬನ್ನಿ.

ಮಕ್ಕಳೇ, ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿರಲಿ, ಒಂದು 200 ಪುಟದ ನೋಟ್ ಪುಸ್ತಕ ಪಕ್ಕದಲ್ಲಿ ಇಟ್ಟುಕೊಳ್ಳಿ. ತಪ್ಪಿದ ಪ್ರತಿ ಪ್ರಶ್ನೆಯನ್ನೂ ಅದರಲ್ಲಿ ಬರೆದು, ಯಾಕೆ ತಪ್ಪಿತು ಎಂದು ನಿಮ್ಮ ಮಾತಿನಲ್ಲೇ ಎರಡು ಸಾಲು ಸೇರಿಸಿ. ಹಳೇ ತಪ್ಪುಗಳನ್ನು ಓದಿದಾಗ "ಅಯ್ಯೋ, ಇದು ಇಷ್ಟೇನಾ" ಅನ್ನಿಸಲು ಶುರುವಾದ ದಿನ, ಹೊಸ ಜಾಲದಲ್ಲಿ ದೋಷ ಇಟ್ಟರೂ ಯಾರನ್ನೂ ಕೇಳದೆ ಹುಡುಕಿ ಸರಿ ಮಾಡಲು ಬಂದ ದಿನ ಫೀಸು ಕಟ್ಟಿ. ಅದಕ್ಕೆ ಮುಂಚೆ ಬೇಡ.